ಗೇಟಿನ ಆಚೆಯ ಜಾಗ: ಹಳೆಯ ಬಡಾವಣೆಗೆ ಹೊಸದಾಗಿ ಬಂದವರಿಗೆ ಪಾರ್ಕಿಂಗ್ ಪರಿಚಯ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಅಥವಾ ಚಾಮರಾಜಪೇಟೆಯಲ್ಲಿ ಹೊಸದಾಗಿ ಮನೆ ಮಾಡಿದವರಿಗೆ ಹಾಲು, ನೀರು, ಗ್ಯಾಸಿನ ವ್ಯವಸ್ಥೆ ಎರಡೇ ದಿನದಲ್ಲಿ ಆಗಿಬಿಡುತ್ತದೆ. ಕಾರು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಮಾತ್ರ ತಿಂಗಳಾದರೂ ಬಗೆಹರಿಯುವುದಿಲ್ಲ. ಮನೆಯ ಓನರು "ರಸ್ತೆಯಲ್ಲೇ ಹಾಕ್ಕೊಳ್ಳಿ, ಎಲ್ಲರೂ ಹಾಗೇ ಮಾಡೋದು" ಎನ್ನುತ್ತಾರೆ. ಹಾಗೆ ಹಾಕಲು ಹೋದರೆ ಎದುರುಮನೆಯ ಹಿರಿಯರು ಹೊರಗೆ ಬಂದು "ಇಲ್ಲಿ ಬೇಡಪ್ಪ, ಇದು ನಮ್ಮ ಮನೆ ಜಾಗ" ಎನ್ನುತ್ತಾರೆ. ಸ್ವಲ್ಪ ಮುಂದೆ ಹೋದರೆ ಹೂಕುಂಡಗಳ ಸಾಲು, ಇನ್ನೂ ಮುಂದೆ ಕಾಂಪೌಂಡಿಗೆ ನೇತುಹಾಕಿದ 'ನೋ ಪಾರ್ಕಿಂಗ್' ಬೋರ್ಡು. ಇವುಗಳಲ್ಲಿ ಯಾವುದು ಕಾನೂನು, ಯಾವುದು ರೂಢಿ, ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು ಎಂದು ಹೇಳಿಕೊಡುವವರು ಸಿಗುವುದಿಲ್ಲ. ಆ ಪರಿಚಯಕ್ಕಾಗಿ ಈ ಬರಹ. ಒಂದೊಂದೇ ಹೆಜ್ಜೆ ಇಡೋಣ.

ಮೊದಲು ನಿಮ್ಮ ಹಕ್ಕು ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಯಬೇಕು. ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿ ಕಾಂಪೌಂಡಿನ ಗೋಡೆಗೆ ನಿಲ್ಲುತ್ತದೆ. ಅದರಾಚೆಯ ಚರಂಡಿ, ಫುಟ್‌ಪಾತು, ರಸ್ತೆ ಎಲ್ಲವೂ ಸಾರ್ವಜನಿಕರ ಸ್ವತ್ತು. ಅದನ್ನು ನೋಡಿಕೊಳ್ಳುವ ಹೊಣೆ ನಗರ ಪಾಲಿಕೆಯದು. ಮೂರು ತಲೆಮಾರಿನಿಂದ ಅದೇ ಮನೆಯಲ್ಲಿರುವವರಿಗೂ ನಿನ್ನೆ ಬಾಡಿಗೆಗೆ ಬಂದವರಿಗೂ ಆ ರಸ್ತೆಯ ಮೇಲಿರುವ ಹಕ್ಕು ಒಂದೇ.

ಒಂದು ರಕ್ಷಣೆ ಮಾತ್ರ ಪ್ರತಿ ಮನೆಗೂ ಇದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಯಾರದೇ ಮನೆಯ, ಕಟ್ಟಡದ ಪ್ರವೇಶಕ್ಕೆ ಅಡ್ಡವಾಗಿ ವಾಹನ ನಿಲ್ಲಿಸುವಂತಿಲ್ಲ. ಫುಟ್‌ಪಾತಿನ ಮೇಲೆ, ಜೀಬ್ರಾ ಪಟ್ಟೆಯ ಮೇಲೆ, ತಿರುವಿನಲ್ಲಿ, ಜಂಕ್ಷನ್ನಿನ ಬಳಿ ನಿಲ್ಲಿಸುವುದೂ ನಿಷಿದ್ಧ. ಇದಕ್ಕೆ ಬೋರ್ಡು ಬೇಕಾಗಿಲ್ಲ. ಬೋರ್ಡು ಇಲ್ಲದಿದ್ದರೂ ಗೇಟಿಗೆ ಅಡ್ಡ ನಿಲ್ಲಿಸಿದರೆ ತಪ್ಪು ತಪ್ಪೇ. ಆದರೆ ಈ ರಕ್ಷಣೆಯ ಅಗಲ ಗೇಟಿನಷ್ಟೇ. ಗೇಟು ಹತ್ತಡಿ ಇದ್ದು ಕಾಂಪೌಂಡು ಅರುವತ್ತಡಿ ಇದ್ದರೆ ಉಳಿದ ಐವತ್ತಡಿ ರಸ್ತೆ ಎಲ್ಲರದು. ಅಲ್ಲಿ ಮನೆಯವರು ತಾವೇ ಬರೆಸಿ ತೂಗುಹಾಕಿದ ಬೋರ್ಡಿಗೆ ಕಾನೂನಿನ ಬಲವಿಲ್ಲ. ಕಲ್ಲು, ಸರಪಳಿ, ಹೂಕುಂಡ ಇಡುವುದು ರಸ್ತೆಯ ಒತ್ತುವರಿ. ಅದನ್ನು ತೆರವು ಮಾಡುವ ಅಧಿಕಾರ ಪಾಲಿಕೆಗಿದೆ. ಹಾಗೆಂದು ಆ ಹೂಕುಂಡವನ್ನು ನೀವೇ ಎತ್ತಿ ಬದಿಗಿಡಲು ಹೋಗಬೇಡಿ. ಒಂದೇ ಬೀದಿಯಲ್ಲಿ ಬಾಳಬೇಕಾದವರು ನೀವು. ಮೊದಲು ಬಾಗಿಲು ತಟ್ಟಿ ಮಾತಾಡಿ. ಅವರ ಮನೆಯಲ್ಲಿ ಹಾಸಿಗೆ ಹಿಡಿದವರು ಇರಬಹುದು, ಆಂಬುಲೆನ್ಸ್ ಬಂದು ನಿಲ್ಲಲು ಜಾಗ ಬೇಕಾಗಬಹುದು.

ಇಷ್ಟೊಂದು ಇಕ್ಕಟ್ಟು ಏಕೆ ಬಂತು ಎಂಬುದಕ್ಕೆ ಈ ಬಡಾವಣೆಗಳ ಹುಟ್ಟನ್ನು ನೆನೆಯಬೇಕು. ಚಾಮರಾಜಪೇಟೆ 1892ರಲ್ಲಿ ಕೋಟೆಯ ಪಕ್ಕದಲ್ಲಿ ರೂಪುಗೊಂಡಿತು. ಬಸವನಗುಡಿ ಮತ್ತು ಮಲ್ಲೇಶ್ವರಕ್ಕೆ ಜನ ಹರಿದು ಬಂದದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಲ್ಲಿ ರೋಗ ಹಬ್ಬಿದ್ದನ್ನು ಕಂಡ ಮೈಸೂರು ಸರ್ಕಾರದ ಅಧಿಕಾರಿಗಳು ಇಲ್ಲಿ ಗಾಳಿ ಬೆಳಕಿಗೆ ಆದ್ಯತೆ ಕೊಟ್ಟರು. ನೇರವಾದ ಅಡ್ಡರಸ್ತೆಗಳು, ಮನೆಗಳ ಮುಂದೆ ತೋಟದ ಜಾಗ, ಮನೆಗಳ ಬೆನ್ನಿಗೆ ಮಲ ಸಾಗಿಸುವವರು ಓಡಾಡಲು ಕನ್ಸರ್ವೆನ್ಸಿ ಓಣಿ. ರಸ್ತೆಯ ಅಗಲವನ್ನು ಗೊತ್ತುಮಾಡಿದ್ದು ನಡೆಯುವವರಿಗೆ, ಜಟಕಾಗಾಡಿಗೆ, ಎತ್ತಿನ ಗಾಡಿಗೆ. ಅಂದಿನ ಊರಲ್ಲಿ ಮೋಟಾರು ಕಾರು ಲೆಕ್ಕದಲ್ಲೇ ಇರಲಿಲ್ಲ. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ರಸ್ತೆ ಮಾತ್ರ ಅದೇ.

ಒಂದು ಲೆಕ್ಕ ಹಾಕಿ ನೋಡಿ. ಚರಂಡಿಯಿಂದ ಚರಂಡಿಗೆ ಮೂವತ್ತಡಿ ಇರುವ ಅಡ್ಡರಸ್ತೆ ಎಂದುಕೊಳ್ಳಿ. ಎರಡೂ ಬದಿ ನಾಲ್ಕು ನಾಲ್ಕಡಿ ಫುಟ್‌ಪಾತು ತೆಗೆದರೆ ಉಳಿಯುವುದು ಇಪ್ಪತ್ತೆರಡು ಅಡಿ. ಎರಡೂ ಕಡೆ ಕಾರು ನಿಂತರೆ, ಬಾಗಿಲು ತೆಗೆಯುವ ಜಾಗ ಸೇರಿ ಒಂದೊಂದಕ್ಕೆ ಏಳಡಿ ಹಿಡಿದರೂ ಹದಿನಾಲ್ಕು ಅಡಿ ಹೋಯಿತು. ನಡುವೆ ಉಳಿದದ್ದು ಎಂಟಡಿ. ಅಗ್ನಿಶಾಮಕ ದಳದ ಗಾಡಿಯ ಅಗಲವೇ ಹೆಚ್ಚುಕಡಿಮೆ ಅಷ್ಟು. ಅದೇ ರಸ್ತೆಯಲ್ಲಿ ಒಂದೇ ಬದಿ ಕಾರು ನಿಂತರೆ ಹದಿನೈದು ಅಡಿ ಸಿಗುತ್ತದೆ, ಗಾಡಿ ಸರಾಗವಾಗಿ ಹೋಗುತ್ತದೆ. ಹಳೆಯ ಬಡಾವಣೆಯ ಪಾರ್ಕಿಂಗ್ ಚರ್ಚೆಯೆಲ್ಲ ಈ ಏಳಡಿಯ ಸುತ್ತ ತಿರುಗುತ್ತದೆ.

ಮನೆಗಳ ಕಡೆಯ ಲೆಕ್ಕ ಇನ್ನೂ ಕಠಿಣ. ಹಿಂದಿನ ದೊಡ್ಡ ನಿವೇಶನಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿವೆ. ಮೂವತ್ತಡಿ ಮುಂಭಾಗದ ಸೈಟಿನಲ್ಲಿ ಗೇಟಿಗೆ ಹತ್ತಡಿ ಬಿಟ್ಟರೆ ಇಪ್ಪತ್ತಡಿ ಉಳಿಯಿತು, ಅಲ್ಲಿ ನಿಲ್ಲುವುದು ಒಂದೇ ಕಾರು. ಆದರೆ ಆ ಸೈಟಿನ ಮೇಲೆ ಈಗ ನಾಲ್ಕು ಮಹಡಿ, ನಾಲ್ಕು ಸಂಸಾರ. ನಕ್ಷೆ ಮಂಜೂರಾತಿಯಲ್ಲಿ ಕಾರು ನಿಲ್ಲಿಸಲೆಂದು ತೋರಿಸಿದ ನೆಲಮಹಡಿ ಎಷ್ಟೋ ಕಡೆ ಅಂಗಡಿಯೋ ಬಾಡಿಗೆ ಕೋಣೆಯೋ ಆಗಿದೆ. ಇದು ನಕ್ಷೆಯ ಉಲ್ಲಂಘನೆ. ರಸ್ತೆಯ ಮೇಲಿನ ಒತ್ತಡದ ಒಂದು ದೊಡ್ಡ ಮೂಲ ಇಲ್ಲೇ ಇದೆ ಎಂದು ನಾನು ನಂಬುತ್ತೇನೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು "ಕಾರಿಗೆ ಒಳಗೆ ಜಾಗ ಇದೆಯೇ, ಅದು ಯಾವುದು" ಎಂದು ಬರವಣಿಗೆಯಲ್ಲಿ ಕೇಳಿ. ಇದಕ್ಕಿಂತ ಉಪಯುಕ್ತವಾದ ಸಲಹೆ ಈ ಬರಹದಲ್ಲಿ ಬೇರೆ ಇಲ್ಲ.

ಬಡಾವಣೆಯವರ ಕಾರು ಮಾತ್ರವಾಗಿದ್ದರೆ ಹೇಗೋ ಹೊಂದಿಸಬಹುದಿತ್ತು. ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಬರುವವರು, ಸಂಜೆ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಗೆ ಹೂವು, ಹಣ್ಣು, ಬಟ್ಟೆ ಕೊಳ್ಳಲು ಬರುವವರು, ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದ ಸಂಗೀತಕ್ಕೆ ಬರುವವರು, ಮದುವೆಯ ಛತ್ರಕ್ಕೆ ಬರುವವರು, ಮೆಟ್ರೊ ಹತ್ತುವ ಮುನ್ನ ಪಕ್ಕದ ಬೀದಿಯಲ್ಲಿ ಸ್ಕೂಟರ್ ಬಿಟ್ಟು ಹೋಗುವವರು, ಎಲ್ಲರಿಗೂ ಜಾಗ ಬೇಕು. ಅವರೂ ಊರಿನವರೇ. ಅವರಿಲ್ಲದೆ ಈ ಬಡಾವಣೆಗಳ ಜೀವವೇ ಇಲ್ಲ. ಹಾಗಾಗಿ "ಹೊರಗಿನವರು ಬರಬಾರದು" ಎಂಬ ವಾದದಲ್ಲಿ ನನಗೆ ಒಲವಿಲ್ಲ.

ಇನ್ನು ತೀರ್ಮಾನ ಮಾಡುವವರು ಯಾರು? ಹೊಸಬರು ಸೋಲುವುದು ಇಲ್ಲೇ, ಏಕೆಂದರೆ ಅಧಿಕಾರ ಒಂದೇ ಕಚೇರಿಯಲ್ಲಿಲ್ಲ. ರಸ್ತೆ, ಫುಟ್‌ಪಾತು, ಒತ್ತುವರಿ, ಕಟ್ಟಡದ ನಕ್ಷೆ ಪಾಲಿಕೆಗೆ ಸೇರಿದ್ದು. ಎಲ್ಲಿ ನಿಲ್ಲಿಸಬಹುದು, ಎಲ್ಲಿ ಬಾರದು, ಏಕಮುಖ ಸಂಚಾರ ಎಲ್ಲಿ ಎಂಬ ಅಧಿಸೂಚನೆ ಪೊಲೀಸರಿಂದ ಬರುತ್ತದೆ. ಅದಕ್ಕೆ ಆಧಾರ 1988ರ ಮೋಟಾರು ವಾಹನ ಕಾಯ್ದೆ. ಅದರ 115ನೇ ಸೆಕ್ಷನ್ ವಾಹನ ಸಂಚಾರವನ್ನು ನಿರ್ಬಂಧಿಸುವ, 116ನೆಯದು ಸಂಚಾರ ಫಲಕ ನಿಲ್ಲಿಸುವ, 117ನೆಯದು ವಾಹನ ನಿಲುಗಡೆಯ ಸ್ಥಳ ಗೊತ್ತುಮಾಡುವ ಅಧಿಕಾರ ಕೊಡುತ್ತದೆ. ಈ 117ನೇ ಸೆಕ್ಷನ್ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕು ಎಂದೂ ಹೇಳುತ್ತದೆ. ನೆನಪಿಡಬೇಕಾದ ಮಾತು ಅದು. ನೀತಿ ರೂಪಿಸುವುದು ನಗರಾಭಿವೃದ್ಧಿ ಇಲಾಖೆಯ ನಗರ ಭೂಸಾರಿಗೆ ನಿರ್ದೇಶನಾಲಯ. ಅದನ್ನು ಜನ ಡಲ್ಟ್ ಎಂದೇ ಕರೆಯುತ್ತಾರೆ. ಹೊಸ ವಾಹನದ ನೋಂದಣಿ ಸಾರಿಗೆ ಇಲಾಖೆಯ ಆರ್‌ಟಿಒ ಕಚೇರಿಯಲ್ಲಿ. ಮನೆಯಲ್ಲಿ ಜಾಗವಿಲ್ಲದಿದ್ದರೂ ಕಾರು ನೋಂದಣಿಯಾಗುವುದು ಏಕೆ ಎಂದು ಪಾಲಿಕೆಯವರನ್ನು ಕೇಳಿದರೆ ಅವರ ಬಳಿ ಉತ್ತರವಿಲ್ಲ, ಅದು ಅವರ ಕೈಯಲ್ಲಿಲ್ಲ.

ಪಾಲಿಕೆಯ ರೂಪವೂ ಈಚೆಗೆ ಬದಲಾಗಿದೆ. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಮಲ್ಲೇಶ್ವರ ಪಶ್ಚಿಮ ನಗರ ಪಾಲಿಕೆಗೂ ಚಾಮರಾಜಪೇಟೆ ಕೇಂದ್ರ ನಗರ ಪಾಲಿಕೆಗೂ ಸೇರಿವೆ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಊರನ್ನು ನಡೆಸಿದರು. ಬೀದಿಯ ಪಾರ್ಕಿಂಗಿನಂಥ ಪ್ರಶ್ನೆಗೆ ಕಾರ್ಪೊರೇಟರ್ ಇಲ್ಲದಿರುವುದು ದೊಡ್ಡ ಕೊರತೆ. ಯಾವ ಬೀದಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ಗಾಡಿಗಳು ಸಿಕ್ಕಿಕೊಳ್ಳುತ್ತವೆ, ಯಾವ ಬೀದಿ ಮಧ್ಯಾಹ್ನ ಖಾಲಿ ಇರುತ್ತದೆ ಎಂಬುದು ವಿಧಾನಸೌಧಕ್ಕೆ ತಿಳಿಯುವುದಿಲ್ಲ, ವಾರ್ಡಿನವರಿಗೆ ತಿಳಿಯುತ್ತದೆ.

ಬೋರ್ಡು ಓದುವುದನ್ನೂ ಕಲಿತುಬಿಡಿ. ಕೆಲವು ರಸ್ತೆಗಳಲ್ಲಿ ಸಮ ಸಂಖ್ಯೆಯ ದಿನ ಒಂದು ಬದಿ, ಬೆಸ ಸಂಖ್ಯೆಯ ದಿನ ಇನ್ನೊಂದು ಬದಿ ಎಂಬ ನಿಯಮವಿದೆ. ತಾರೀಖು ನೋಡಿ ನಿಲ್ಲಿಸಬೇಕು. ಇನ್ನು ಕೆಲವು ಕಡೆ ನಿಷೇಧ ಇಂತಿಷ್ಟು ಹೊತ್ತಿಗೆ ಮಾತ್ರ. ತಪ್ಪಿದರೆ ದಂಡ. ಗಾಡಿ ಎತ್ತಿಕೊಂಡು ಹೋಗುವ ಟೋಯಿಂಗ್ ವ್ಯವಸ್ಥೆಯನ್ನು, ಅದರ ಸಿಬ್ಬಂದಿಯ ವರ್ತನೆಯ ಬಗ್ಗೆ ಜನರ ಸಿಟ್ಟು ಹೆಚ್ಚಾದ ಮೇಲೆ, ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಲ್ಲಿಸಿತ್ತು. ಆದರೆ ಅಧಿಕಾರ ಕಾನೂನಿನಲ್ಲಿ ಹಾಗೇ ಇದೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗಿಂತ ಹೆಚ್ಚು ಹೊತ್ತು ಅನಾಥವಾಗಿ ಬಿಟ್ಟ ವಾಹನವನ್ನು ತೆಗೆಸಲು ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಅವಕಾಶ ಕೊಡುತ್ತದೆ. ನಿಮ್ಮ ಬೀದಿಯಲ್ಲಿ ಟೈರು ಇಳಿದು, ಧೂಳು ಹಿಡಿದು ವರ್ಷಗಟ್ಟಲೆ ನಿಂತ ಕಾರಿದ್ದರೆ ಈ ಸೆಕ್ಷನ್ನಿನ ಹೆಸರು ಹೇಳಿ ದೂರು ಕೊಡಬಹುದು. ಯಾರ ಜೊತೆಗೂ ಜಗಳವಿಲ್ಲದೆ ಒಂದು ಕಾರಿನ ಜಾಗ ಬೀದಿಗೆ ಮರಳಿ ಸಿಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. 2021ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಡಲ್ಟ್ ಸಿದ್ಧಪಡಿಸಿದ 'ಪಾರ್ಕಿಂಗ್ ನೀತಿ 2.0'ಕ್ಕೆ ಒಪ್ಪಿಗೆ ಕೊಟ್ಟಿತು. ಅದರ ತಿರುಳು ಸರಳ. ಇದುವರೆಗಿನ ಬಿಟ್ಟಿ, ಅಡ್ಡಾದಿಡ್ಡಿ ನಿಲುಗಡೆಯಿಂದ ಹಣ ಕೊಟ್ಟು ಕ್ರಮವಾಗಿ ನಿಲ್ಲಿಸುವ ಪದ್ಧತಿಗೆ ಊರನ್ನು ತರಬೇಕು. ವಸತಿ ಬೀದಿಗಳಿಗೆ ಅದು ಹೇಳುವುದು ಪರ್ಮಿಟ್ ವ್ಯವಸ್ಥೆ. ಮನೆಯೊಳಗೆ ಜಾಗವಿಲ್ಲದವರು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಬೀದಿಯಲ್ಲಿ ನಿಲ್ಲಿಸಲು ಅನುಮತಿ ಪಡೆಯಬೇಕು. ಸೂಚಿಸಿದ ಶುಲ್ಕ ಚಿಕ್ಕ ಕಾರಿಗೆ 1,000 ರೂಪಾಯಿ, ಮಧ್ಯಮ ಗಾತ್ರದ್ದಕ್ಕೆ 3,000ದಿಂದ 4,000, ಎಸ್‌ಯುವಿಯಂಥ ದೊಡ್ಡ ಗಾಡಿಗೆ 5,000. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಕಸದ ಗಾಡಿ ಹೋಗುವಷ್ಟು ಜಾಗ ಬಿಟ್ಟ ಮೇಲಷ್ಟೇ ಪರ್ಮಿಟ್. ಬಡಾವಣೆ ಬಡಾವಣೆಗೂ ಅಲ್ಲಿಯ ಪಾರ್ಕಿಂಗ್ ಯೋಜನೆ ಬೇರೆಯಾಗಿ ಆಗಬೇಕು ಎಂದೂ ನೀತಿ ಹೇಳುತ್ತದೆ. ವರ್ಷಗಳಾದವು. ಈ ಮೂರು ಬಡಾವಣೆಗಳ ವಸತಿ ಬೀದಿಗಳಿಗೆ ಪರ್ಮಿಟ್ ಬಂದಿಲ್ಲ.

ನೀತಿ ಹೊರಬಿದ್ದಾಗ ಎದ್ದ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. "ಕಾರು ಕೊಳ್ಳುವಾಗಲೇ ಜೀವಾವಧಿ ರಸ್ತೆ ತೆರಿಗೆ ಕಟ್ಟಿದ್ದೇವೆ, ಮತ್ತೆ ಏಕೆ?" ಎನ್ನುವವರ ಸಂಕಟ ನಿಜ, ಕರ್ನಾಟಕದ ಆ ತೆರಿಗೆ ಸಣ್ಣದಲ್ಲ. ಆದರೆ ಅದು ರಾಜ್ಯದ ಬೊಕ್ಕಸಕ್ಕೆ ಹೋಗುವ ವಾಹನ ತೆರಿಗೆ. ರಸ್ತೆಯ ಒಂದು ತುಂಡನ್ನು ರಾತ್ರಿ ಹಗಲು ನಮ್ಮದಾಗಿ ಇಟ್ಟುಕೊಳ್ಳುವ ಬಾಡಿಗೆ ಅದರಲ್ಲಿ ಸೇರಿಲ್ಲ. ಯೋಜಕರು ಒಂದು ಕಾರಿಗೆ ಇಡುವ ಲೆಕ್ಕ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಅಂದರೆ ಸುಮಾರು 135 ಚದರಡಿ. ವರ್ಷಕ್ಕೆ 5,000 ರೂಪಾಯಿ ಎಂದರೆ ದಿನಕ್ಕೆ ಹದಿನಾಲ್ಕು ರೂಪಾಯಿ. ಚಿಕ್ಕ ಕಾರಿಗೆ ದಿನಕ್ಕೆ ಮೂರು ರೂಪಾಯಿಯೂ ಇಲ್ಲ. ಬಸವನಗುಡಿಯಲ್ಲಿ ಅಷ್ಟೇ ಅಳತೆಯ ಕೋಣೆಗೆ ಬಾಡಿಗೆ ಎಷ್ಟಿದೆ ಎಂದು ವಿಚಾರಿಸಿ ನೋಡಿ. ಇನ್ನೊಂದು ಅನ್ಯಾಯವೂ ಇಲ್ಲಿದೆ. ಮನೆಯೊಳಗೆ ಕಾರಿಗೆ ಜಾಗ ಮಾಡಿಕೊಂಡವರು ಆ ಜಾಗಕ್ಕೂ ಆಸ್ತಿ ತೆರಿಗೆ ಕಟ್ಟುತ್ತಾರೆ. ಮಾಡಿಕೊಳ್ಳದವರು ರಸ್ತೆಯನ್ನು ಪುಕ್ಕಟೆ ಬಳಸುತ್ತಾರೆ. ಕಾರೇ ಇಲ್ಲದೆ ನಡೆದು ಹೋಗುವವರಿಗೆ ಫುಟ್‌ಪಾತೂ ಉಳಿಯುವುದಿಲ್ಲ.

"ಹಣ ವಸೂಲಿ ಮಾಡಿ ರಸ್ತೆ ಮಾತ್ರ ಹಾಗೇ ಇರುತ್ತದೆ" ಎಂಬ ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದಕ್ಕೆ ಹೊರಗಿನ ಒಂದು ಉದಾಹರಣೆ ಸಹಾಯಕ್ಕೆ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಸಡೀನ ಊರಿನ ಹಳೆಯ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕಲು ಹೊರಟಾಗ ಅಂಗಡಿಯವರು ವಿರೋಧಿಸಿದರು. ಬಂದ ಹಣವನ್ನು ಅದೇ ಬೀದಿಗಳ ಫುಟ್‌ಪಾತು, ದೀಪ, ಮರ, ಶುಚಿತ್ವಕ್ಕೆ ಖರ್ಚು ಮಾಡುತ್ತೇವೆ ಎಂದು ಆಡಳಿತ ಒಪ್ಪಿದ ಮೇಲೆ ವಿರೋಧ ಕರಗಿತು, ಪಾಳುಬಿದ್ದಿದ್ದ ಪೇಟೆಗೆ ಮತ್ತೆ ಕಳೆ ಬಂತು. ಪಾರ್ಕಿಂಗನ್ನೇ ಜೀವಮಾನವಿಡೀ ಅಧ್ಯಯನ ಮಾಡಿದ ಪ್ರೊಫೆಸರ್ ಡೊನಾಲ್ಡ್ ಶೂಪ್ 2005ರ ತಮ್ಮ ದೊಡ್ಡ ಗ್ರಂಥದಲ್ಲಿ ಈ ದಾರಿಯನ್ನೇ ಎತ್ತಿ ಹಿಡಿದರು. ಬೀದಿಯ ಹಣ ಬೀದಿಗೆ ಎಂಬ ಷರತ್ತು ಬೆಂಗಳೂರಿನ ಪರ್ಮಿಟ್ಟಿಗೂ ಬೇಕು. ಅದು ಬರವಣಿಗೆಯಲ್ಲಿ ಬಾರದೆ ಜನ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಮೂರನೆಯದು ಬಾಡಿಗೆದಾರರ ಭಯ. ಪರ್ಮಿಟ್ ಬಂದರೆ ಅದು ಮನೆ ಓನರ ಹೆಸರಿಗೆ ಹೋಗಿ, ಅದನ್ನೂ ಬಾಡಿಗೆಗೆ ಸೇರಿಸಿಬಿಟ್ಟರೆ? ಹಳೆಯ ಬಡಾವಣೆಗಳಲ್ಲಿ ಬಾಡಿಗೆದಾರರ ಸಂಖ್ಯೆ ದೊಡ್ಡದು. ವಿಳಾಸದಲ್ಲಿ ವಾಸಿಸುವವರ ಹೆಸರಿಗೇ ಪರ್ಮಿಟ್ ಕೊಡಬೇಕು, ಮನೆಗೆ ಮೊದಲ ಕಾರಿಗಿಂತ ಎರಡನೆಯದಕ್ಕೆ ಶುಲ್ಕ ಹೆಚ್ಚಿರಬೇಕು ಎಂದು ನನ್ನ ಅಭಿಪ್ರಾಯ. ಜಪಾನಿನವರು 1962ರಲ್ಲೇ ಕಾನೂನು ಮಾಡಿ, ಕಾರು ನಿಲ್ಲಿಸಲು ಜಾಗವಿದೆ ಎಂದು ತೋರಿಸಿದವರಿಗಷ್ಟೇ ನೋಂದಣಿ ಎಂದರು. ನಮ್ಮ ಪಾರ್ಕಿಂಗ್ ನೀತಿಯಲ್ಲೂ ಆ ಸೂಚನೆ ಇದೆ. ಆದರೆ ಬಸ್ಸು, ಮೆಟ್ರೊ ಎಲ್ಲರ ಮನೆ ಹತ್ತಿರಕ್ಕೆ ತಲುಪದೆ ಅದನ್ನು ಒಮ್ಮೆಲೇ ಹೇರಿದರೆ ಸುಳ್ಳು ಪ್ರಮಾಣಪತ್ರಗಳ ವ್ಯಾಪಾರ ಶುರುವಾದೀತು. ಪರ್ಮಿಟ್ಟಿನಿಂದ ಮೊದಲು ಮಾಡುವುದು ಸರಿ.

ಬಹುಮಹಡಿ ಪಾರ್ಕಿಂಗ್ ಕಟ್ಟಿದರೆ ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಫ್ರೀಡಂ ಪಾರ್ಕಿನ ಬಳಿ ಸುಮಾರು 550 ಕಾರು ಹಿಡಿಸುವ ಕಟ್ಟಡವಿದೆ. ಪಕ್ಕದ ರಸ್ತೆಯಲ್ಲಿ ಪುಕ್ಕಟೆ ನಿಲ್ಲಿಸಬಹುದಾದರೆ ಹಣ ಕೊಟ್ಟು ಮಹಡಿ ಹತ್ತುವವರು ಕಡಿಮೆ. ರಸ್ತೆಯ ನಿಯಮ ಮೊದಲು, ಕಟ್ಟಡ ಆಮೇಲೆ.

ಈ ಬೀದಿಗಳ ಜನ ನಿಯಮಕ್ಕೆ ಒಗ್ಗುವುದಿಲ್ಲ ಎನ್ನುವವರಿಗೆ ಕಡಲೆಕಾಯಿ ಪರಿಷೆಯನ್ನು ತೋರಿಸುತ್ತೇನೆ. ಕಾರ್ತಿಕದ ಕಡೆಯ ಸೋಮವಾರದ ಸುತ್ತ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ನಿಲ್ಲಿಸುವಂತಿಲ್ಲ, ಸಂಚಾರ ಈ ದಾರಿಯಲ್ಲಿ ಎಂದು ಪೊಲೀಸರು ಮುಂಚಿತವಾಗಿಯೇ ಪ್ರಕಟಿಸುತ್ತಾರೆ, ಬೇರೆ ಕಡೆ ನಿಲ್ಲಿಸಲು ಜಾಗ ಸೂಚಿಸುತ್ತಾರೆ. ಅಷ್ಟು ದೊಡ್ಡ ಜಾತ್ರೆ ನಡೆದುಹೋಗುತ್ತದೆ. ಮೊದಲೇ ತಿಳಿಸಿ, ಪರ್ಯಾಯ ತೋರಿಸಿ, ಎಲ್ಲರಿಗೂ ಒಂದೇ ನಿಯಮ ಮಾಡಿದರೆ ಜನ ಕೇಳುತ್ತಾರೆ. ಡಲ್ಟ್ ಗಾಂಧಿ ಬಜಾರನ್ನು ಮರುವಿನ್ಯಾಸ ಮಾಡಿದಾಗ ಎದ್ದ ವರ್ತಕರ, ನಿವಾಸಿಗಳ ಅಸಮಾಧಾನದ ಪಾಠವೂ ಇದೇ. ಮಾತುಕತೆ ಕೆಲಸಕ್ಕೆ ಮೊದಲು ಮುಗಿಯಬೇಕು.

ಕನ್ಸರ್ವೆನ್ಸಿ ಓಣಿಗಳ ಬಗ್ಗೆ ಒಂದು ಮಾತು. ಒಳಚರಂಡಿ ಬಂದ ಮೇಲೆ ಅವಕ್ಕೆ ಕೆಲಸವಿಲ್ಲದೆ ಕಸ ತುಂಬಿತು. ಮಲ್ಲೇಶ್ವರದಲ್ಲಿ ಕೆಲವನ್ನು ಸ್ಥಳೀಯರೇ ಶುಚಿ ಮಾಡಿ, ಗೋಡೆಗೆ ಬಣ್ಣ ಬಳಿದು ನಡೆಯಲು ಯೋಗ್ಯ ಮಾಡಿದ್ದಾರೆ. ಅಲ್ಲಿ ಸ್ಕೂಟರ್ ನಿಲ್ಲಿಸಲು ಬಿಡಿ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಬೇಡ ಎನ್ನುವುದು ನನ್ನ ನಿಲುವು. ಮಕ್ಕಳು, ವಯಸ್ಸಾದವರು ಗಾಡಿಯ ಭಯವಿಲ್ಲದೆ ನಡೆಯಬಲ್ಲ ಜಾಗ ಈ ಊರಲ್ಲಿ ಎಷ್ಟು ಉಳಿದಿದೆ?

ನೀವು ಮಾಡಬಹುದಾದದ್ದು ಇಷ್ಟು. ಗೇಟಿಗೆ ಅಡ್ಡ, ಫುಟ್‌ಪಾತಿನ ಮೇಲೆ ನಿಂತ ಗಾಡಿಗೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪಿನಲ್ಲಿ ಫೋಟೊ ಸಮೇತ ದೂರು ಕೊಡಿ. ಕಲ್ಲು, ಸರಪಳಿ, ಮುರಿದ ಫುಟ್‌ಪಾತು ಪಾಲಿಕೆಯ ವಿಷಯ, 1533ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಯಮವೇ ಬದಲಾಗಬೇಕು, ಒಂದು ಬದಿ ಮಾತ್ರ ಪಾರ್ಕಿಂಗ್ ಆಗಬೇಕು ಎಂದಿದ್ದರೆ ಒಬ್ಬರೇ ಹೋಗಬೇಡಿ. ಬೀದಿಯ ಎರಡೂ ಬದಿಯವರು, ಓನರು, ಬಾಡಿಗೆದಾರರು, ಮೂಲೆಯ ಅಂಗಡಿಯವರು ಸೇರಿ ಸಹಿ ಹಾಕಿದ ಪತ್ರ ಬರೆಯಿರಿ. ರಸ್ತೆಯ ಅಗಲ ಅಳೆದು, ರಾತ್ರಿ ಹತ್ತಕ್ಕೂ ಬೆಳಿಗ್ಗೆ ಹತ್ತಕ್ಕೂ ಎಷ್ಟು ಕಾರು ನಿಂತಿವೆ ಎಂದು ಎಣಿಸಿ ಸೇರಿಸಿ. ಒಂದು ಪ್ರತಿ ನಿಮ್ಮ ಸಂಚಾರ ಠಾಣೆಯ ಇನ್ಸ್‌ಪೆಕ್ಟರಿಗೆ, ಇನ್ನೊಂದು ಪಾಲಿಕೆಯ ವಾರ್ಡ್ ಎಂಜಿನಿಯರಿಗೆ. ಅಧಿಕಾರಿಗಳು ಮನವಿಗಿಂತ ಲೆಕ್ಕಕ್ಕೆ ಬೇಗ ಕಿವಿಗೊಡುತ್ತಾರೆ. ವಾರ್ಡ್ ಸಮಿತಿಯ ಸಭೆ ಎಂದು, ಎಲ್ಲಿ ಎಂದು ಕೇಳಿ ತಿಳಿದು ಹೋಗಿ. ನಿಮ್ಮ ಬೀದಿಯ ಪಾರ್ಕಿಂಗನ್ನು ಅಲ್ಲಿಯ ನಡಾವಳಿಯಲ್ಲಿ ಬರೆಸಿ, ಬರೆದದ್ದರ ಪ್ರತಿ ಕೇಳಿ ಪಡೆದುಕೊಳ್ಳಿ.